ಫಾಯ್ ಸಮ ಮಾಡಿಸಲಿಲ್ಲ

ಥಾಯ್ಲೆಂಡಿನ ಫ್ರೆ ಪಟ್ಟಣದಲ್ಲಿ, ಶಾಲೆಯ ಎದುರಿಗೇ ನನ್ನ ಕ್ಷೌರದಂಗಡಿ. ಹುಡುಗರಾಗಲಿ ಹುಡುಗಿಯರಾಗಲಿ, ನಿಯಮಕ್ಕಿಂತ ಉದ್ದ ಕೂದಲು ಕಂಡರೆ ಮೇಷ್ಟ್ರು ಶಾಲೆಯಲ್ಲೇ ಕತ್ತರಿ ಹಾಕುತ್ತಾರೆ. ಸಂಜೆ ಮಕ್ಕಳು ಬಂದು ನನ್ನಿಂದ ಸಮ ಮಾಡಿಸಿಕೊಳ್ಳುತ್ತಾರೆ.

ಆ ಸೋಮವಾರ ಫಾಯ್ ಎಂಬ ಹುಡುಗಿಯ ಒಂದು ಬದಿಯ ಕೂದಲು ಹೋಗಿತ್ತು. ಪಕ್ಕದಲ್ಲೇ ನಿಂತಿದ್ದ ಹೆಡ್‌ಮಾಸ್ಟರ ಮಗಳ ಸೊಂಟದುದ್ದದ ಜಡೆ ಮಾತ್ರ ಮೇಷ್ಟ್ರ ಕಣ್ಣಿಗೆ ಬಿದ್ದಿರಲಿಲ್ಲ.

"ಇನ್ನೊಂದು ಬದೀನೂ ಕತ್ತರಿಸಿಬಿಡಣ್ಣ, ಜನ ನಗ್ತಾರೆ," ಎಂದಳು ಅವಳನ್ನು ಎಳೆತಂದ ತಾಯಿ.

ಫಾಯ್ ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ಮುಟ್ಬೇಡಿ ದೊಡ್ಡಪ್ಪ. ಮೇಷ್ಟ್ರು ಮಾಡಿದ ಕೆಲಸ, ಎಲ್ರೂ ನೋಡ್ಲಿ."

ನಾನಾಗಿದ್ದರೆ ಟೋಪಿಯೊಳಗೆ ತಲೆ ಮುಚ್ಚಿಕೊಳ್ಳುತ್ತಿದ್ದೆ. ಅವಳು ಮೂರು ತಿಂಗಳು ದಿನಾ ಬೆಳಗಿನ ಧ್ವಜವಂದನೆಗೆ ಹಾಗೆಯೇ ಮುಂದಿನ ಸಾಲಿನಲ್ಲಿ ನಿಂತಳು. ಮೇಷ್ಟ್ರು ಬೇರೆ ಕಡೆ ನೋಡತೊಡಗಿದರು.

ಇಪ್ಪತ್ತು ವರ್ಷ ಅವರ ಕೆಲಸವನ್ನು ಯಾರ ಕಣ್ಣಿಗೂ ಬೀಳದಂತೆ ಸಮ ಮಾಡಿಕೊಟ್ಟವನು ನಾನೇ.