ಕುಶಾಲಪ್ಪನ ಕ್ಯಾನ್ವಾಸ್ ಟೆಂಟು

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಬಹುಕಾಲ ಜಿಪಿ, ಅಂದರೆ ಕುಟುಂಬ ವೈದ್ಯ, ಆಗಿದ್ದ ಕೊಡಗಿನ ಗೆಳೆಯ ಕುಶಾಲಪ್ಪ ಹೋದ ತಿಂಗಳು ತೀರಿಕೊಂಡ. ಅವನನ್ನು ನೆನೆದಾಗಲೆಲ್ಲ ನನ್ನ ಕಣ್ಣಮುಂದೆ ಅವನ ಟೆಂಟು ಏಳುತ್ತದೆ.

ವರ್ಷಕ್ಕೊಮ್ಮೆ ಅವನು ಸ್ಕಾಟ್ಲೆಂಡಿನ ಗುಡ್ಡಗಳಿಗೆ ಒಬ್ಬನೇ ಜಿಂಕೆ ಬೇಟೆಗೆ ಹೋಗುತ್ತಿದ್ದ. 2003ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸೋತಿತು. ಮಲಗಿ ಕೋವಿ ಹಾರಿಸಲು ಬಲಗೈ ಸಾಕಿತ್ತು. ಆದರೆ ಟೆಂಟಿಗೆ ಎರಡೂ ಕೈ ಬೇಕಲ್ಲ. ಹೆಂಡತಿ ಚೋಂದಮ್ಮ, "ಒಬ್ಬರೇ ನಿಲ್ಲಿಸಿ ತೋರಿಸಿ, ಆಮೇಲೆ ಬೇಟೆ ಮಾತು," ಎಂದರು.

ಒಂದೇ ಕೈಯಲ್ಲಿ ನಿಲ್ಲಿಸಬಹುದಾದ ಟೆಂಟು ಹುಡುಕುತ್ತ ಇಬ್ಬರೂ ಹೋದ ಅಂಗಡಿಯಲ್ಲಿ ನಾನು ಹಗುರವಾದ ನೈಲಾನ್ ಟೆಂಟು ತೋರಿಸಿದೆ. ಅವನು ಅದರ ಬಟ್ಟೆಯನ್ನು ನನ್ನ ಕಿವಿಯ ಹತ್ತಿರ ಉಜ್ಜಿದ. "ಕೇಳ್ತಾ? ಈ ಚರಚರಕ್ಕೆ ಜಿಂಕೆ ಸೊಲಿಹಲ್ ತನಕ ಓಡ್ತದೆ, ಮಾರಾಯ!" ನಡುವೆ ಒಂದೇ ಕಂಬವಿರುವ ದಪ್ಪ ಕ್ಯಾನ್ವಾಸಿನದನ್ನು ಆರಿಸಿದ. ಅದನ್ನು ಕಾರಿಗೆ ಹೊರುವಷ್ಟರಲ್ಲಿ ನಾನು ಏದುಸಿರು ಬಿಟ್ಟೆ.

ಅವನ ಹಿತ್ತಲಲ್ಲಿ ಚೋಂದಮ್ಮ ಕೈಕಟ್ಟಿ ನಿಂತರು. ಅವನು ಸುತ್ತಲೂ ಗೂಟಗಳನ್ನು ಬೂಟಿನಿಂದ ತುಳಿದು ನೆಟ್ಟು, ಕಂಬದೊಂದಿಗೆ ಬಟ್ಟೆಯ ಅಡಿಗೆ ತೆವಳಿದ. ತುಂಬ ಹೊತ್ತು ಏನೂ ಅಲುಗಲಿಲ್ಲ. ನಾನು ಮುಂದೆ ಹೋದರೆ ಚೋಂದಮ್ಮ ತಡೆದರು. ಆಮೇಲೆ ನಡುವೆ ಬಟ್ಟೆ ಉಬ್ಬಿತು. ಅವನು ಒಳಗಿನಿಂದ ಹೆಗಲು ಕೊಟ್ಟು ಎದ್ದಂತೆ, ಹುಲ್ಲಿನಿಂದ ಬೆಟ್ಟವೊಂದು ಹುಟ್ಟಿದ ಹಾಗೆ ಟೆಂಟು ನಿಂತಿತು.

"ಸಾಕ್ಸ್ ಜಾಸ್ತಿ ತಗೊಂಡ್ಹೋಗಿ," ಎಂದು ಚೋಂದಮ್ಮ ಒಳಗೆ ನಡೆದರು.

ಬೇಟೆಯಿಂದ ಮರಳಿ ಬಂದವನು ನನ್ನ ಕೈಗೆ ಜಿಂಕೆಯ ಕೊಂಬನ್ನಿಟ್ಟ. ಬೇಟೆಗೆ ಜೊತೆಯಾದವರಿಗೆಲ್ಲ ಪಾಲು ಕೊಡುವುದು ಅವನ ಮನೆತನದ ಪದ್ಧತಿ.

"ನಾನೆಲ್ಲಿ ಬಂದಿದ್ದೆ?" ಎಂದೆ.

"ಟೆಂಟ್ ಹೊತ್ತೆಯಲ್ಲ. ಮಾಂಸ ಅಂತೂ ತಿನ್ನಲ್ಲ ನೀನು, ಇದನ್ನಾದ್ರೂ ಇಟ್ಕೋ."