ಬಿಗಿ ಮಾಡಿದ ನಾಲ್ಕು ಸ್ಕ್ರೂ

ಶುಕ್ರವಾರ, ಮಧ್ಯಾಹ್ನ ಎರಡೂವರೆ. ರೇಡಿಯೊ ರಿಪೇರಿಯವರು ನಮಾಜು ಮುಗಿಸಿ ಶಿಕಾರಿಪುರದ ತಮ್ಮ ಅಂಗಡಿ ತೆರೆದಿದ್ದರಷ್ಟೆ. ಅವರು, ನಾನು, ನಡುವೆ ದನಿ ನಿಂತ ನಮ್ಮ ರೇಡಿಯೊ. ಅವರ ಬಲಗಿವಿಯ ಮೇಲೆ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಸಿಕ್ಕಿಸಿತ್ತು. ಸ್ಕ್ರೂ ತಿರುವಲೆಂದು ಅದರ ತುದಿಯನ್ನು ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿದ್ದರು. “ಕಬ್ಬಿಣ ತಾಗಿಸಿದ್ರೆ ಸೆಟ್ಟು ಸುಳ್ಳು ಹೇಳ್ತೈತೆ” ಎನ್ನುತ್ತಿದ್ದರು.

ಇದು ಹಿಂದಿನ ಮಾತು; ಈಗ ಅವರು ತೀರಿಕೊಂಡು ಐದು ತಿಂಗಳಾಯಿತು. ಯಾವ ಸೆಟ್ಟು ಬಂದರೂ ಮೊದಲು ಮೂಸಿ ನೋಡುವುದು ಅವರ ಪದ್ಧತಿ. ಅಂದೂ ಮೂಸಿದರು. ಹಿಂಬದಿ ಬಿಚ್ಚಿ, ಒಳಗಿನ ಪುಟ್ಟ ತಗಡಿನ ಡಬ್ಬಿಗಳನ್ನು ನೋಡಿ ತಲೆಯೆತ್ತಿದರು.

“ಸುಟ್ಟಿಲ್ಲ. ಸ್ಕ್ರೂ ಮೇಲಿನ ಮೇಣ ಒಡೆದೈತೆ. ಯಾರು ತಿರುವಿದ್ದು ಮೇಷ್ಟ್ರೇ?”

“ಧೂಳು ಒರೆಸ್ತಿದ್ದೆ. ಸಡಿಲ ಅನ್ನಿಸ್ತು, ಬಿಗಿ ಮಾಡಿದೆ.”

“ನಾಕೂನೂ?”

“ನಾಲ್ಕೂ.”

“ಭಪ್ಪರೆ! ಒಂದನ್ನಾದ್ರೂ ಬಿಡಬಾರದಿತ್ತೇನ್ರೀ?” ಎಂದು ನಕ್ಕರು. ಆಮೇಲೆ ವಿವರಿಸಿದರು. “ಸಾಲು ನಿಲ್ಲಿಸುವಾಗ ಹುಡುಗರಿಗೆ ಒಂದು ಕೈ ಅಂತರ ಅಂತಿದ್ರಲ್ಲ, ಹಂಗೆ. ಭದ್ರಾವತಿ ಸ್ಟೇಷನ್ ತರಂಗ ಬೇರೆ, ಧಾರವಾಡದ್ದು ಬೇರೆ. ಸೆಟ್ಟು ಒಳಗೆ ತನ್ನದೇ ಒಂದು ತರಂಗ ಹುಟ್ಟಿಸ್ತೈತೆ. ಮುಳ್ಳು ಎಲ್ಲಿಗೆ ಹೋದ್ರೂ ಅದು ಸ್ಟೇಷನ್ ತರಂಗದಿಂದ ಅಷ್ಟೇ ಅಂತರ ಬಿಟ್ಟು ಜೊತೆಗೆ ಹೋಗ್ತೈತೆ. ಎರಡೂ ಬೆರೆತ್ರೆ ಆ ಅಂತರದ್ದೇ ಒಂದು ತರಂಗ. ಯಾವ ಸ್ಟೇಷನ್ ಹಾಕಿದ್ರೂ ಅದು ಒಂದೇ. ಈ ಡಬ್ಬಿಗಳು ಅದನ್ನ ಮಾತ್ರ ಮುಂದೆ ಬಿಡ್ತಾವೆ. ನೀವು ಅದಕ್ಕೇ ಬಾಗಿಲು ಹಾಕೀರಿ.”

ಸೊರಬದ ಮನೆಯಲ್ಲಿ ಕಣ್ಣು ಕಾಣದ ನನ್ನ ಅಕ್ಕನಿಗೆ ಹೊತ್ತು ತಿಳಿಯುತ್ತಿದ್ದುದೇ ರೇಡಿಯೊದಿಂದ. ಗುಂಡಿ ಜೋರಾಗಿ ತಿರುಗಿಸಿ ತಾನೇ ಕೆಡಿಸಿದೆನೆಂದು ಮೂರು ದಿನದಿಂದ ಕೊರಗುತ್ತಿದ್ದಳು. ನಾನು ಬಾಯಿ ಬಿಟ್ಟಿರಲಿಲ್ಲ. ಅದನ್ನೂ ಅವರಿಗೆ ಹೇಳಿದೆ. ಅವರ ನಗು ನಿಂತಿತು. ಮೇಜಿನ ಮೇಲಿದ್ದ ಬೇರೆ ಕೆಲಸವನ್ನು ಬದಿಗೆ ಸರಿಸಿದರು.

ಆ ಹೊತ್ತಿಗೆ ಅವರ ಕಿವಿ ಮಂದವಾಗಿತ್ತು. ದನಿಯ ಸಣ್ಣ ಏರಿಳಿತ ತಿಳಿಯುತ್ತಿರಲಿಲ್ಲ. ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಬ್ರಷ್ಷಿನ ಹಿಡಿಯಿಂದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವಿದರು.

“ಈಗ ಸ್ವಲ್ಪ ಸ್ಪಷ್ಟ ಇದೆ, ಆದ್ರೆ ಹಿಂದಿನದಕ್ಕೆ ಹೋಲಿಸಿದ್ರೆ…”

“ಪಾಠ ಬ್ಯಾಡ್ರೀ. ಜಾಸ್ತಿನೋ, ಕಮ್ಮಿನೋ?”

“ಜಾಸ್ತಿ.”

ಒಂದೂವರೆ ಗಂಟೆ ಹಿಡಿಯಿತು. ಭದ್ರಾವತಿ ತುಂಬುದನಿಯಲ್ಲಿ ಬಂದ ಮೇಲೆ ಪ್ರತಿ ಸ್ಕ್ರೂವಿನ ಮೇಲೂ ಒಂದು ತೊಟ್ಟು ಮೇಣ ಬಿಟ್ಟರು.

“ನನ್ನ ಕೆಲಸ ಆಯ್ತು. ಅಕ್ಕಾರಿಗೆ ನಿಜ ಹೇಳೋದು ನಿಮ್ಮ ಕೆಲಸ. ನಾಳೆ ಅನ್ನಬ್ಯಾಡ್ರಿ.”

ಸಂಜೆ ಆರಕ್ಕೆ ಮನೆ ಸೇರಿದೆ. ಚಪ್ಪಲಿ ಬಿಟ್ಟವನೇ ಅಕ್ಕನ ಎದುರು ಕೂತು ಹೇಳಿದೆ.

“ಮೂರು ದಿನ ನನ್ನ ಕೈಯನ್ನೇ ಬೈಕೊಂಡೆನಲ್ಲೋ” ಎಂದಳು.

ರೇಡಿಯೊವನ್ನು ಅವಳ ಮಂಚದ ಪಕ್ಕ ಇಟ್ಟು, ಅವಳ ಬೆರಳುಗಳನ್ನು ಗುಂಡಿಯ ಮೇಲಿರಿಸಿದೆ. ಹೆದರುತ್ತ ತಿರುಗಿಸಿದಳು. ದನಿ ಬಂತು. ಒಂದು ಗಳಿಗೆ ತಡೆದು, ಇನ್ನಷ್ಟು ಏರಿಸಿದಳು.