ಕಂಪನಿಯವರ ಬಿರಿಯಾನಿ

ಆಳಂದದ ಸರ್ವರಬೇಗಂ ಬರಿಗೈಯಲ್ಲಿ ಹೋಗಿ ಯಾರನ್ನೂ ಏನೂ ಕೇಳಿದವಳಲ್ಲ. ಮೊದಲು ಹೊಟ್ಟೆ ತುಂಬ ಉಣ್ಣಿಸುವುದು, ಕೈ ತೊಳೆಯಲು ನೀರು ಹಾಕುವಾಗ ಮೆಲ್ಲಗೆ ಮಾತು ತೆಗೆಯುವುದು. ಕರೆಂಟು ಕೊಡಲು ಸತಾಯಿಸಿದ ಲೈನ್‌ಮನ್ ಹಾಗೆಯೇ ಬಗ್ಗಿದ. ಮಗಳು ಗುಲನಾಜಳಿಗೆ ಅಫಜಲಪುರದ ಸಂಬಂಧ ಕುದುರಿದ್ದೂ ಹಾಗೆಯೇ. ಬೀಗರು ಒಲ್ಲೆವೆಂದು ಹೇಳಲೆಂದೇ ಬಂದಿದ್ದರು, ಪಾಪ!

ಈಗ ಅವಳ ಹೊಟ್ಟೆಪಾಡು ನಡೆಯುವುದು ಊರ ಹೊರಗಿನ ಮೆಡಿಕಲ್ ಕಾಲೇಜಿನ ಗುರುವಾರದ ಸಭೆಯಿಂದ. ಔಷಧ ಕಂಪನಿಯವರು ತಮ್ಮ ಹೊಸ ಗುಳಿಗೆಯನ್ನು ಹೊಗಳುತ್ತಾರೆ, ಡಾಕ್ಟರುಗಳು ಇವಳ ಬಿರಿಯಾನಿ ತಿನ್ನುತ್ತಾರೆ, ಬಿಲ್ಲು ಕಂಪನಿಗೆ. ಈ ಆರ್ಡರು ಕೊಡಿಸಿದವನು ಅದೇ ಕಂಪನಿಯಲ್ಲಿರುವ ಅಕ್ಕನ ಮಗ ಮಸೂದ. ಅಂಥದರಲ್ಲಿ ಜೇವರ್ಗಿಯ ಡಾಕ್ಟರ್ ಶಾಂಭವಿ ಪ್ರಿನ್ಸಿಪಾಲರಾಗಿ ಬಂದವರೇ ಕಂಪನಿಯ ಊಟ ಬಂದ್ ಎಂದುಬಿಟ್ಟರು.

“ಖಾಲಾ, ನೀವೇ ಹೋಗಿ ಮಾತಾಡ್ರಿ,” ಎಂದು ಮಸೂದ ಅವಳನ್ನು ಮುಂದೆ ನೂಕಿದ.

ಸರ್ವರಬೇಗಂ ಸೆರಗು ಬಿಗಿದಳು. ಮೇಡಂ ಮಾಂಸ ಮುಟ್ಟುವವರಲ್ಲ. ಹೊಸ ಪಾತ್ರೆ ಕೊಂಡು ತಂದು ಬದನೆ ಎಣ್ಣೆಗಾಯಿ ಮಾಡಿ, ಬಿಸಿ ರೊಟ್ಟಿ ಕಟ್ಟಿಕೊಂಡು ಹೋದಳು. ಡಬ್ಬಿ ತೆರೆದಾಗ ಮೇಡಂ ಮೂಗು ಅರಳಿದ್ದನ್ನು ಅವಳು ನೋಡದೆ ಬಿಟ್ಟಾಳೆಯೇ?

“ಒಂದ ತುತ್ತು ತಿನ್ರಿ ಮೇಡಂ. ಮಾತು ಆಮ್ಯಾಲ.”

“ಬ್ಯಾಡ ಚಾಚಿ. ತಿಂದ್ರ ನಿಮಗ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ನಮ್ಮ ಡಾಕ್ಟರಗೋಳಿಗೂ ಇದೇ ಆಗ್ಯಾದ.”

ಅಬ್ಬಾ, ಜೀವಮಾನದ ಗುಟ್ಟನ್ನು ಕೂತಲ್ಲೇ ಹಿಡಿದುಬಿಟ್ಟಿತಲ್ಲ ಈ ಹೆಂಗಸು! ಸರ್ವರಬೇಗಂಗೆ ಸಿಟ್ಟೂ ಬಂತು, ನಗುವೂ ಬಂತು.

“ಹಂಗಾದ್ರ ನನ್ನ ಒಲಿ ಆರಿಸ್ತೀರೇನ್ರಿ?”

“ಯಾಕ ಆರಿಸ್ಲಿ? ನೀವು ಮಾಡ್ರಿ. ಉಂಡವರೇ ರೊಕ್ಕ ಕೊಡ್ತಾರ.”

ಮುಂದಿನ ಗುರುವಾರ ಡಾಕ್ಟರುಗಳು ಗೊಣಗುತ್ತ ಜೇಬಿಗೆ ಕೈ ಹಾಕಿದರು. ಅದೇ ಕೈ, ಅದೇ ಮಸಾಲೆ, ಅದೇ ಹಂಡೆ. ಇಷ್ಟು ವರ್ಷ ಕೇಳಿ ಕೇಳಿ ಹಾಕಿಸಿಕೊಂಡು ತಿಂದಿದ್ದ ಸರ್ಜನ್ ಮುಖ ಕಿವುಚಿದರು.

“ಉಪ್ಪು ಜಾಸ್ತಿ ಆಗ್ಯಾದ ನೋಡ್ರಿ ಚಾಚಿ.”

“ಅನ್ನನೂ ಮುದ್ದಿ ಆಗ್ಯಾದ,” ಎಂದರು ಪಕ್ಕದವರು.

ಸರ್ವರಬೇಗಂಗೆ ಮೈಯೆಲ್ಲ ಉರಿಯಿತು. ಬಾಯಿಗೆ ಹಾಕಿ ನೋಡಿದಳು. ಹೌದು, ಜಾಸ್ತಿಯೇ ಇತ್ತು. ಮೊದಲಿನಿಂದಲೂ ಅವಳು ಅಷ್ಟೇ ಹಾಕುತ್ತಿದ್ದಳು; ಆಗೆಲ್ಲ ಆಹಾ ಓಹೋ ಎಂದವರೇ ಇವರು. ಸೌಟು ಕೆಳಗಿಟ್ಟಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ಮಸೂದನನ್ನು ಕರೆದಳು.

“ಲೇ ಮಸೂದ, ಖರೇ ಹೇಳು. ನಿಮ್ಮ ಗುಳಿಗ್ಯಾಗ ಏನರ ಹೆಚ್ಚುಕಮ್ಮಿ ಅದ ಏನಲೇ?”

“ಏನಂತ ಕೇಳ್ತೀರಿ ಖಾಲಾ!” ಮಸೂದ ಎದೆಯುಬ್ಬಿಸಿದ. “ಇಲ್ಲೀತನಕ ಒಬ್ಬ ಡಾಕ್ಟರೂ ಒಂದ ತಪ್ಪೂ ತಗದಿಲ್ಲ.”